ಬೀಳ್ಕೊಳ್ಳುವ ಮಾತೂ ವ್ಯವಹಾರದ ಭಾಗ
ಇಟಲಿಯ ಆತಿಥೇಯರಿಗೆ ಕೃತಜ್ಞತೆ ಸಲ್ಲಿಸುವ ಬಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲದ ಸೀಮೆಯಲ್ಲಿ ಹೊರಟುನಿಂತ ನೆಂಟರು 'ಹೋಗುತ್ತೇನೆ' ಎಂದು ಹೇಳುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತಾರೆ. ಬರಿದೆ 'ಹೋಗುತ್ತೇನೆ' ಎಂದವರನ್ನು ಮನೆಯ ಹಿರಿಯರು ತಡೆದು, 'ಹೋಗಿ ಬರುತ್ತೇನೆ ಎನ್ನು' ಎಂದು ತಿದ್ದುವುದೂ ಉಂಟು. ಮನೆಯವರು 'ಹೋಗಿ ಬನ್ನಿ' ಎಂದು ಉತ್ತರಿಸಿ, ಹೆಣ್ಣುಮಕ್ಕಳಿಗೆ ಅರಿಸಿನ ಕುಂಕುಮ ಹಾಗೂ ತಾಂಬೂಲ ಕೊಟ್ಟು, ಬೀದಿಯ ತಿರುವಿನವರೆಗೆ ಬಂದು ಬೀಳ್ಕೊಡುತ್ತಾರೆ. ಈ ಇಡೀ ಉಪಚಾರದಲ್ಲಿ 'ಧನ್ಯವಾದ' ಎಂಬ ಪದ ಒಮ್ಮೆಯೂ ಬರದಿರಬಹುದು. ಊಟವನ್ನು ಹೊಟ್ಟೆ ತುಂಬ ಉಂಡದ್ದು, ಮತ್ತೆ ಬರುತ್ತೇನೆಂದು ನುಡಿದದ್ದು ಇವೇ ಇಲ್ಲಿ ಕೃತಜ್ಞತೆಯ ರೂಪಗಳು.

ಈ ಸಂಪ್ರದಾಯ ನಮ್ಮ ನೆಲದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇಲ್ಲಿನ ವರ್ತಕರೊಬ್ಬರು ಯಂತ್ರ ನೋಡಲೆಂದೋ, ಸರಕಿನ ಮಾದರಿ ತೋರಿಸಲೆಂದೋ ಇಟಲಿಗೆ ಹೋಗಿ, ಅಲ್ಲಿನ ಕಾರ್ಖಾನೆಯ ಮಾಲೀಕರ ಮನೆಯಲ್ಲಿ ಊಟ ಮಾಡಿದರೆಂದು ಭಾವಿಸಬಹುದು. ಎರಡು ಗಂಟೆಗಳ ಕಾಲ ನಡೆದ ಊಟದ ನಂತರ ಅವರು ಸಂಕೋಚದಿಂದ ಎದ್ದು, ಮಾಲೀಕರೊಬ್ಬರಿಗೆ ಮಾತ್ರ ಕೈಕುಲುಕಿ, ಅಡುಗೆ ಮಾಡಿದ ತಾಯಿಗೆ ಒಂದು ಮಾತನ್ನೂ ಹೇಳದೆ ವಾಹನವೇರಿದರೆ, ಅವರ ಮನಸ್ಸಿನಲ್ಲಿರುವ ತೃಪ್ತಿ ಆತಿಥೇಯರಿಗೆ ತಿಳಿಯುವ ಬಗೆ ಯಾವುದು? ನಮ್ಮಲ್ಲಿ ವಿನಯವೆನಿಸುವ ಮೌನ ಅಲ್ಲಿ ಉದಾಸೀನವೆಂದು ತೋರಬಹುದು. ಸರಕಿನ ಗುಣಮಟ್ಟ ಹಾಗೂ ಬೆಲೆ ಮೊದಲ ಆರ್ಡರನ್ನು ತರುತ್ತವೆ. ಎರಡನೆಯ ಆರ್ಡರು ಬಹುಮಟ್ಟಿಗೆ ವಿಶ್ವಾಸದಿಂದ ಬರುವಂಥದು. ಆ ವಿಶ್ವಾಸದ ಒಂದು ಪಾಲು ಬಾಗಿಲಲ್ಲಿ ನಿಂತು ಆಡುವ ಕೊನೆಯ ನಾಲ್ಕು ಮಾತುಗಳಲ್ಲಿದೆ.

ಹಳೆಯ ನಂಟು

ಇಟಲಿಗೂ ಈ ಸೀಮೆಗೂ ಇರುವ ಸಂಬಂಧ ಇಂದಿನದಲ್ಲ. 17ನೇ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ನನ್ನು ಆರಂಭಿಸಿದರು. ಅವರು ಕನ್ನಡವನ್ನು ಕಲಿತು, ಆ ಭಾಷೆಯಲ್ಲಿಯೇ ಗ್ರಂಥರಚನೆಗೆ ತೊಡಗಿದರು. ಅವರ ಧರ್ಮಕಾರ್ಯದ ಮಾತು ಬೇರೆ. ಪರನಾಡಿಗೆ ಹೋದವನು ಮೊದಲು ಆತಿಥೇಯರ ಭಾಷೆಯನ್ನು ಕಲಿಯಬೇಕೆಂಬ ಪಾಠವನ್ನಂತೂ ಅವರಿಂದ ಪಡೆಯಬಹುದು.

ಮುಂದೆ ರೇಷ್ಮೆಯ ಎಳೆ ಈ ನಂಟನ್ನು ಗಟ್ಟಿಮಾಡಿತು. 1860ರ ದಶಕದಲ್ಲಿ ಸಿನ್ಯೋರ್ ಡಿ ವೆಕ್ಕಿ ಎಂಬ ಇಟಲಿಯವರು ಮೈಸೂರು ಸಂಸ್ಥಾನದ ರೇಷ್ಮೆಯನ್ನು ಸುಧಾರಿಸಲು ಜಪಾನಿನಿಂದ ಮೊಟ್ಟೆಗಳನ್ನು ತರಿಸಿದರು. ಕೆಂಗೇರಿಯಲ್ಲಿ ಹಬೆಯಿಂದ ನಡೆಯುವ ನೂಲು ಬಿಚ್ಚಾಣಿಕೆಯ ಕಾರ್ಖಾನೆಯನ್ನು ಸ್ಥಾಪಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913-14ರ ಸುಮಾರಿಗೆ, ವಾಷಿಂಗ್ಟನ್ ಮಾರಿ ಎಂಬ ಇಟಲಿಯ ರೇಷ್ಮೆ ತಜ್ಞರ ಸಲಹೆಯನ್ನು ಸಂಸ್ಥಾನ ಪಡೆಯಿತು. ಚನ್ನಪಟ್ಟಣದ ರೇಷ್ಮೆ ಫಾರಂ ಆರಂಭವಾದದ್ದೂ ಆ ಕಾಲದಲ್ಲಿಯೇ. ಹೀಗೆ ಇಟಲಿಯವರು ಅತಿಥಿಗಳಾಗಿ ಇಲ್ಲಿಗೆ ಬಂದ ಕಾಲವೊಂದಿತ್ತು. ಇಂದು ನಮ್ಮವರೂ ಅಲ್ಲಿಗೆ ಅತಿಥಿಗಳಾಗಿ ಹೋಗುತ್ತಿದ್ದಾರೆ. ಗ್ರಾನೈಟ್ ವ್ಯವಹಾರದವರು ವೆರೋನಾ ನಗರದಲ್ಲಿ ನಡೆಯುವ ಮಾರ್ಮೊಮಾಕ್ ಶಿಲಾ ಮೇಳಕ್ಕೆ ಹೋಗುತ್ತಾರೆ. ಜವಳಿ ಯಂತ್ರಗಳ ಅಂತರರಾಷ್ಟ್ರೀಯ ಮೇಳ 2015 ಹಾಗೂ 2023ರಲ್ಲಿ ಮಿಲಾನಿನಲ್ಲಿ ನಡೆಯಿತು.

ಅಲ್ಲಿಯ ಉದ್ಯಮದ ರಚನೆಯೂ ನಮ್ಮವರಿಗೆ ಅಪರಿಚಿತವಲ್ಲ. ರೇಷ್ಮೆಗೆ ಕೋಮೊ, ಉಣ್ಣೆಯ ಬಟ್ಟೆಗೆ ಪ್ರಾತೊ, ಅಮೃತಶಿಲೆಗೆ ಕರ್ರಾರಾ, ಹಿತ್ತಾಳೆಯ ನಲ್ಲಿ ಮುಂತಾದ ಲೋಹದ ಸಾಮಾನುಗಳಿಗೆ ಬ್ರೇಷಾ ಪ್ರಾಂತದ ಲುಮೆತ್ಸಾನೆ ಎಂಬಂತೆ ಊರೊಂದು ಕಸುಬೊಂದಕ್ಕೆ ಹೆಸರಾಗಿದೆ. ಹಿತ್ತಾಳೆ, ಕಂಚಿನ ಎರಕಕ್ಕೆ ನಾಗಮಂಗಲವು ಹೆಸರಾದ ಹಾಗೆಯೇ ಇದು. ಆ ಊರುಗಳ ಕಾರ್ಖಾನೆಗಳಲ್ಲಿ ಬಹುಪಾಲು ಕುಟುಂಬದ ಒಡೆತನದ ಸಣ್ಣ ಘಟಕಗಳು. ತಂದೆ ಯಂತ್ರದ ಬಳಿ, ಮಗಳು ಲೆಕ್ಕದ ಕೋಣೆಯಲ್ಲಿ, ಸೋದರಳಿಯ ರಫ್ತಿನ ವಿಭಾಗದಲ್ಲಿ ಇರುವುದು ಅಪರೂಪವಲ್ಲ. ಆದ್ದರಿಂದ ಅಲ್ಲಿ ಊಟಕ್ಕೆ ಕರೆಯುವುದೆಂದರೆ ಕುಟುಂಬಕ್ಕೆ ಪರಿಚಯಿಸುವುದೆಂದೇ ಅರ್ಥ. ಬೀಳ್ಕೊಳ್ಳುವಾಗಲೂ ಕುಟುಂಬದವರೆಲ್ಲರನ್ನೂ ಗಮನಿಸಬೇಕು.

ನೀನು, ನೀವು ಎಂಬ ಭೇದ

ಇಟಲಿಯ ಭಾಷೆಯಲ್ಲಿ 'ತೂ' ಎಂಬುದು ನಮ್ಮ 'ನೀನು'. ಗೌರವಕ್ಕೆ 'ಲೇಯಿ' ಎಂಬ ಪದವಿದೆ. ಕನ್ನಡದ ಗೌರವ ಬಹುವಚನದಿಂದ ಬರುತ್ತದೆ. ಅಲ್ಲಿ 'ಅವಳು' ಎಂಬ ಅರ್ಥದ ಪದವೇ ಗಂಡಸರಿಗೂ ಹೆಂಗಸರಿಗೂ ಗೌರವವಾಚಕವಾಗಿ ಸಲ್ಲುತ್ತದೆ. ವ್ಯಾಪಾರದ ಮೊದಲ ಭೇಟಿಗಳಲ್ಲಿ 'ಲೇಯಿ' ಬಳಸುವುದೇ ಕ್ಷೇಮ. ಆತಿಥೇಯರೇ ಮುಂದಾಗಿ 'ತೂ' ಎನ್ನೋಣವೆಂದು ಸೂಚಿಸಿದ ಮೇಲೆ ಬದಲಾಯಿಸಬಹುದು.

ಹೆಸರಿನೊಡನೆ ಬಿರುದು ಸೇರಿಸುವ ರೂಢಿಯೂ ಅಲ್ಲಿ ಬಲವಾಗಿದೆ. ಗಂಡಸರಿಗೆ 'ಸಿನ್ಯೋರ್', ಹೆಂಗಸರಿಗೆ 'ಸಿನ್ಯೋರಾ' ಎನ್ನುವರು. ಪದವೀಧರರಿಗೆಲ್ಲ 'ದೊತ್ತೋರೆ' ಸಲ್ಲುತ್ತದೆ. ಇಂಜಿನಿಯರಿಗೆ 'ಇಂಜೆನ್ಯೇರೆ' ಎನ್ನುತ್ತಾರೆ. ಮೇಷ್ಟ್ರು, ಡಾಕ್ಟರು, ಇಂಜಿನಿಯರು ಎಂದು ವೃತ್ತಿಯಿಂದಲೇ ಜನರನ್ನು ಕರೆಯುವ ನಮ್ಮ ಊರುಗಳವರಿಗೆ ಇದು ಕಷ್ಟವೆನಿಸದು. ವಿಸಿಟಿಂಗ್ ಕಾರ್ಡಿನಲ್ಲಿ ಬಿರುದು ಏನಿದೆಯೆಂದು ಓದಿಕೊಂಡು, ಹೊರಡುವಾಗ ಅದನ್ನೇ ಬಳಸಿದರೆ ಸಾಕು.

ಉಚ್ಚಾರಣೆಯಲ್ಲಿ ಕನ್ನಡಿಗರಿಗಿರುವ ಅನುಕೂಲ

ಇಟಲಿಯ ಪದಗಳಲ್ಲಿ ಹೆಚ್ಚಿನವು ಕನ್ನಡದ ಪದಗಳಂತೆ ಸ್ವರದಲ್ಲಿ ಮುಗಿಯುತ್ತವೆ. ಅಲ್ಲಿನ ತ, ದ ಅಕ್ಷರಗಳು ನಾಲಗೆಯನ್ನು ಹಲ್ಲಿಗೆ ತಾಗಿಸಿ ನುಡಿಯುವ ನಮ್ಮ ತ, ದ ಗಳೇ ಹೊರತು ಟ, ಡ ಗಳಲ್ಲ. ಇಂಗ್ಲಿಷಿನ ಅಭ್ಯಾಸದಿಂದ 'ಟುಟ್ಟೊ' ಎನ್ನದೆ 'ತುತ್ತೊ' ಎಂದರೆ ಅದೇ ಸರಿಯಾದ ಉಚ್ಚಾರಣೆ. ಒತ್ತಕ್ಷರದ ಭೇದವೂ ಇದೆ. ನಮ್ಮಲ್ಲಿ 'ಹಳಿ' ಬೇರೆ, 'ಹಳ್ಳಿ' ಬೇರೆಯಾದಂತೆ ಅಲ್ಲಿ 'ಪಾಲಾ' ಎಂದರೆ ಸಲಿಕೆ, 'ಪಲ್ಲಾ' ಎಂದರೆ ಚೆಂಡು. ಇಂಗ್ಲಿಷ್ ಮಾತೃಭಾಷೆಯವರು ತಡವರಿಸುವ ಈ ಭೇದಗಳನ್ನು ಕನ್ನಡಿಗರು ಸುಲಭವಾಗಿ ಹಿಡಿಯಬಲ್ಲರು.

ಕೃತಜ್ಞತೆಯ ಮಾತುಗಳು

ಮೊದಲನೆಯದು 'ಗ್ರಾತ್ಸಿಯೆ'. ಧನ್ಯವಾದವೆಂದು ಅರ್ಥ. ಕೊನೆಯ 'ಯೆ'ಯನ್ನು ನುಂಗಬಾರದು. 'ಗ್ರಾತ್ಸಿಯೆ ಮಿಲ್ಲೆ' ಎಂದರೆ ಸಾವಿರ ಧನ್ಯವಾದ. 'ಗ್ರಾತ್ಸಿಯೆ ದಿ ತುತ್ತೊ' ಎಂದರೆ ಎಲ್ಲಕ್ಕೂ ಧನ್ಯವಾದ. ಮನೆಯಲ್ಲಿ ಸತ್ಕಾರ ಪಡೆದಾಗ 'ಗ್ರಾತ್ಸಿಯೆ ಪೆರ್ ಲೊಸ್ಪಿತಾಲಿತಾ', ಅಂದರೆ ತಮ್ಮ ಆತಿಥ್ಯಕ್ಕೆ ಧನ್ಯವಾದ, ಎಂಬುದು ಹೆಚ್ಚು ಉಚಿತ. ಇನ್ನೂ ಗೌರವದಿಂದ ಹೇಳಬೇಕಾದರೆ 'ಲಾ ರಿಂಗ್ರಾತ್ಸಿಯೊ' ಎನ್ನಬಹುದು. 'ತಮಗೆ ನನ್ನ ಕೃತಜ್ಞತೆ' ಎಂಬುದಕ್ಕೆ ಇದು ಸಮಾನ.

ಅಡುಗೆಯ ವಿಷಯದಲ್ಲಿ ಮೌನ ಸಲ್ಲದು. 'ಏರಾ ತುತ್ತೊ ಬ್ವೊನಿಸ್ಸಿಮೊ', ಎಲ್ಲವೂ ಬಹಳ ರುಚಿಯಾಗಿತ್ತು ಎಂಬ ಮಾತನ್ನು ಅಡುಗೆ ಮಾಡಿದವರ ಕಡೆಗೆ ತಿರುಗಿ ಹೇಳಬೇಕು. ಸಸ್ಯಾಹಾರಿಗಳಾದವರು ಆ ವಿಷಯವನ್ನು ಆಹ್ವಾನ ಬಂದಾಗಲೇ ತಿಳಿಸಿರಬೇಕು. ತಟ್ಟೆ ಮುಂದೆ ಬಂದ ಮೇಲೆ ತಿಳಿಸಿದರೆ ಎರಡೂ ಕಡೆಯವರಿಗೆ ಮುಜುಗರ. 'ಇನ್ನು ಸ್ವಲ್ಪ ಬಡಿಸಿಕೊಳ್ಳಿ' ಎಂದು ಒತ್ತಾಯಿಸುವ ತಾಯಂದಿರು ಅಲ್ಲಿಯೂ ಇದ್ದಾರೆ. ಹೊಟ್ಟೆ ತುಂಬಿದವರು ನಗುಮುಖದಿಂದ 'ಗ್ರಾತ್ಸಿಯೆ' ಎಂದು ಕೈಯಾಡಿಸಿದರೆ ನಯವಾದ ನಿರಾಕರಣೆಯಾಗುತ್ತದೆ.

ಧನ್ಯವಾದಕ್ಕೆ ಪ್ರತಿಯಾಗಿ 'ಪ್ರೇಗೊ' ಎಂಬ ಉತ್ತರ ಬರುತ್ತದೆ. 'ಸಿ ಫಿಗೂರಿ' ಎಂದರೆ 'ಅದೇನು ದೊಡ್ಡದು, ಬಿಡಿ' ಎಂಬ ಭಾವ, ಇದು ಗೌರವಪೂರ್ವಕವಾದದ್ದು.

ಏಳುವ ಹೊತ್ತು

ತಟಕ್ಕನೆ ಎದ್ದು ಹೊರಡುವುದು ನಮ್ಮಲ್ಲಿಯೂ ಶೋಭಿಸದು, ಅಲ್ಲಿಯೂ ಶೋಭಿಸದು. ಊಟದ ಕೊನೆಗೆ ಕಾಫಿ ಬರುತ್ತದೆ. ಅದಾದ ಮೇಲೆ ಕೆಲವು ನಿಮಿಷ ಮಾತನಾಡಿ, 'ಸಿ ಎ ಫಾತ್ತೊ ತಾರ್ದಿ', ಹೊತ್ತಾಯಿತು ಎಂದು ಸೂಚನೆ ಕೊಡಬಹುದು. ಆಮೇಲೆ 'ತೋಲ್ಗೊ ಇಲ್ ದಿಸ್ತೂರ್ಬೊ' ಎನ್ನುವುದು ಸೊಗಸಾದ ರೂಢಿ. 'ನಾನು ಕೊಟ್ಟ ತೊಂದರೆಯನ್ನು ತೆಗೆದುಕೊಂಡು ಹೊರಡುತ್ತೇನೆ' ಎಂಬುದು ಅದರ ಅರ್ಥ. 'ತಮಗೆ ತೊಂದರೆ ಕೊಟ್ಟೆವು' ಎಂದು ಇಲ್ಲಿನವರು ಹೇಳಿದಾಗ 'ತೊಂದರೆ ಏನು ಬಂತು' ಎಂದು ಮನೆಯವರು ಆಕ್ಷೇಪಿಸುವಂತೆ, ಅಲ್ಲಿಯೂ 'ಮಾ ಕ್ವಾಲೆ ದಿಸ್ತೂರ್ಬೊ' ಎಂಬ ಆಕ್ಷೇಪ ಬರುತ್ತದೆ. ಅದು ಇನ್ನೂ ಕುಳಿತಿರಿ ಎಂಬ ಆಗ್ರಹವೆಂದು ತಿಳಿಯಬೇಕಾಗಿಲ್ಲ.

ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕೈಕುಲುಕಿ ಹೊರಡಬೇಕು. ಕೆನ್ನೆಗೆ ಕೆನ್ನೆ ತಾಗಿಸುವ ಪದ್ಧತಿ ಪರಿಚಿತರಲ್ಲಿದೆ. ಅದನ್ನು ಆತಿಥೇಯರ ಇಚ್ಛೆಗೆ ಬಿಟ್ಟು, ಹೊಸಬರು ಕೈಕುಲುಕುವಷ್ಟಕ್ಕೆ ನಿಲ್ಲುವುದು ಒಳ್ಳೆಯದು. ಮನೆಯಲ್ಲಿಲ್ಲದವರನ್ನೂ ನೆನೆಯಬೇಕೆಂದರೆ 'ಮಿ ಸಲೂತಿ ಲಾ ಸುವಾ ಫಮೀಲ್ಯಾ', ತಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಎಂಬ ಮಾತಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಸಿಲು ದಾಟುವಾಗ 'ಆ ರೇಟಿನ ವಿಷಯ ಸ್ವಲ್ಪ ನೋಡಿ' ಎಂದು ಮತ್ತೊಮ್ಮೆ ಚೌಕಾಸಿಗಿಳಿಯುವ ಅಭ್ಯಾಸ ನಮ್ಮ ವರ್ತಕರಲ್ಲಿ ಕೆಲವರಿಗಿದೆ. ಆತಿಥ್ಯದ ಕೊನೆಯಲ್ಲಿ ಬೆಲೆಯ ಮಾತೆತ್ತಿದರೆ ಅಲ್ಲಿಯವರೆಗೆ ಹೇಳಿದ ಧನ್ಯವಾದಗಳೆಲ್ಲ ಬೆಲೆ ಇಳಿಸುವುದಕ್ಕೆ ಹೇಳಿದಂತಾಗುತ್ತದೆ. ದರದ ಮಾತು ಕಚೇರಿಯ ಮೇಜಿನ ಮೇಲೆ ಮುಗಿಯಲಿ.

ಹೋಗಿ ಬರುತ್ತೇನೆ ಎಂಬುದಕ್ಕೆ ಅಲ್ಲಿನ ಮಾತು

'ಅರ್ರಿವೆದೇರ್ಚಿ' ಎಂಬುದು ಎಲ್ಲೆಡೆ ಸಲ್ಲುವ ವಿದಾಯದ ಮಾತು. ಪದವನ್ನು ಬಿಡಿಸಿದರೆ 'ಮತ್ತೆ ಪರಸ್ಪರ ಕಾಣುವವರೆಗೆ' ಎಂದಾಗುತ್ತದೆ. ನಮ್ಮ 'ಹೋಗಿ ಬರುತ್ತೇನೆ'ಗೆ ಇದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ. ಒಬ್ಬ ಹಿರಿಯರನ್ನು ಉದ್ದೇಶಿಸಿ ಹೆಚ್ಚಿನ ಗೌರವದಿಂದ ಹೇಳುವಾಗ 'ಅರ್ರಿವೆದೇರ್ಲಾ' ಎನ್ನುತ್ತಾರೆ. 'ಆ ಪ್ರೆಸ್ತೊ' ಎಂದರೆ ಬೇಗನೆ ಭೇಟಿಯಾಗೋಣ.

'ಚಾವ್' ಎಂಬ ಮಾತು ಲೋಕಪ್ರಸಿದ್ಧವಾಗಿದೆ. ಅದರ ಮೂಲ ವೆನಿಸ್ ಸೀಮೆಯ ಆಡುಮಾತು. 'ನಾನು ತಮ್ಮ ದಾಸ' ಎಂಬುದು ಮೂಲಾರ್ಥ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಶ್ರೀವೈಷ್ಣವರು ಪರಸ್ಪರ 'ಅಡಿಯೇನ್ ದಾಸನ್' ಎಂದು ವಂದಿಸುವುದನ್ನು ಕೇಳಿದವರಿಗೆ ಈ ಹೋಲಿಕೆ ಕುತೂಹಲ ಹುಟ್ಟಿಸುತ್ತದೆ. ಆದರೆ ಮೇಲುಕೋಟೆಯ ಮಾತು ತನ್ನ ವಿನಯವನ್ನು ಉಳಿಸಿಕೊಂಡಿದೆ. 'ಚಾವ್' ಇಂದು ಗೆಳೆಯರ ಸಲುಗೆಯ ಮಾತಾಗಿ ಉಳಿದಿದೆ. ಹಿರಿಯ ಮಾಲೀಕರಿಗೆ ಮೊದಲ ಭೇಟಿಯಲ್ಲಿ 'ಚಾವ್' ಎನ್ನುವುದು, ಪರಿಚಯವಿಲ್ಲದ ಹಿರಿಯರನ್ನು 'ನೀನು' ಎಂದಂತೆ.

'ಅದ್ದೀಯೊ' ಎಂಬ ಪದವನ್ನು ಬಳಸದಿರುವುದೇ ಲೇಸು. 'ದೇವರಿಗೆ ಒಪ್ಪಿಸಿದೆ' ಎಂಬ ಮೂಲದ ಈ ಮಾತಿಗೆ ಇನ್ನು ಭೇಟಿಯಿಲ್ಲವೆಂಬ ಧ್ವನಿಯಿದೆ. ನಮ್ಮ ಹಿರಿಯರು 'ಹೋಗುತ್ತೇನೆ' ಎಂಬುದನ್ನು ಏಕೆ ತಿದ್ದುತ್ತಿದ್ದರೋ ಅದೇ ಕಾರಣ ಇದಕ್ಕೂ ಅನ್ವಯಿಸುತ್ತದೆ.

ಹೊತ್ತಿಗೆ ತಕ್ಕ ಹಾರೈಕೆಗಳೂ ಇವೆ. ಹಗಲಿನಲ್ಲಿ ಬೀಳ್ಕೊಳ್ಳುವಾಗ 'ಬ್ವೋನಾ ಜೊರ್ನಾತಾ', ಸಂಜೆ 'ಬ್ವೋನಾ ಸೆರಾತಾ' ಎನ್ನಬೇಕು. 'ಬ್ವೋನಾನೊತ್ತೆ' ಎಂಬುದು ಮಲಗುವ ಹೊತ್ತಿನ ಮಾತು. ಸಂಜೆ ಆರು ಗಂಟೆಗೆ ಕಾರ್ಖಾನೆಯಿಂದ ಹೊರಡುವಾಗ ಅದು ಹೊಂದುವುದಿಲ್ಲ. ಕೆಲಸದಲ್ಲಿ ತೊಡಗಿರುವವರನ್ನು ಬಿಟ್ಟು ಹೊರಡುವಾಗ 'ಬ್ವೋನ್ ಲವೋರೊ', ಕೆಲಸ ಚೆನ್ನಾಗಿ ಸಾಗಲಿ, ಎಂಬ ಹಾರೈಕೆ ಇದೆ. ಯಂತ್ರದ ಬಳಿ ನಿಂತ ಕಾರ್ಮಿಕರಿಗೂ ಈ ಮಾತು ಹೇಳಿ ಹೊರಡುವ ಅತಿಥಿಯನ್ನು ಆ ಕಾರ್ಖಾನೆ ನೆನಪಿಡುತ್ತದೆ.

ಹೂವು, ಉಡುಗೊರೆ

ಬರಿಗೈಯಲ್ಲಿ ಹೋಗಬಾರದೆಂಬುದು ಎರಡೂ ನಾಡುಗಳ ರೂಢಿ. ಆದರೆ ಹೂವಿನಲ್ಲಿ ಎಚ್ಚರ ಬೇಕು. ನಮ್ಮಲ್ಲಿ ದೇವರಿಗೂ ಮದುವೆಗೂ ಸಲ್ಲುವ ಸೇವಂತಿಗೆ ಇಟಲಿಯಲ್ಲಿ ಸಮಾಧಿಗೆ ಅರ್ಪಿಸುವ ಹೂವು. ನವೆಂಬರ್ 2ರ ಮೃತರ ಸ್ಮರಣೆಯ ದಿನ ಸ್ಮಶಾನಗಳಲ್ಲಿ ಅದೇ ತುಂಬಿರುತ್ತದೆ. ಆತಿಥೇಯರ ಮನೆಗೆ ಸೇವಂತಿಗೆ ಒಯ್ಯುವುದು ದೊಡ್ಡ ಅಪಚಾರ. ಅಲ್ಲಿಂದ ಬಂದ ಅತಿಥಿಯನ್ನು ಇಲ್ಲಿ ಬೀಳ್ಕೊಡುವಾಗಲೂ ಸೇವಂತಿಗೆ ಹಾರದ ಬದಲು ಗುಲಾಬಿಯನ್ನೋ ಮಲ್ಲಿಗೆಯನ್ನೋ ಬಳಸುವುದು ಜಾಣತನ.

ಹಾಲಿನ ಹಾಗೂ ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಸಾಮಾನಿನಲ್ಲಿ ತರುವುದಕ್ಕೆ ಐರೋಪ್ಯ ಒಕ್ಕೂಟದ ದೇಶಗಳಲ್ಲಿ ನಿರ್ಬಂಧವಿದೆ. ಆದ್ದರಿಂದ ಹಾಲಿನ ಸಿಹಿತಿಂಡಿಗಳನ್ನು ಒಯ್ದು ವಿಮಾನ ನಿಲ್ದಾಣದಲ್ಲಿ ಒಪ್ಪಿಸಿ ಬರುವುದಕ್ಕಿಂತ, ರೇಷ್ಮೆಯ ಶಾಲು ಅಥವಾ ನಾಗಮಂಗಲದ ಹಿತ್ತಾಳೆಯ ಸಣ್ಣ ದೀಪ ಒಯ್ಯುವುದು ಉತ್ತಮ. ಅದನ್ನು ಯಾರು, ಹೇಗೆ ಎರಕ ಹೊಯ್ದರೆಂಬುದನ್ನು ಎರಡು ಮಾತಿನಲ್ಲಿ ಹೇಳಿದರೆ ಉಡುಗೊರೆಯ ಬೆಲೆ ಹೆಚ್ಚುತ್ತದೆ.

ಅತಿಥಿ ಇಲ್ಲಿಂದ ಹೊರಡುವಾಗ

ಮೈಸೂರು, ಶ್ರೀರಂಗಪಟ್ಟಣಗಳಿಗೆ ಬರುವ ವಿದೇಶಿ ಖರೀದಿದಾರರು ಬಿಡುವು ಮಾಡಿಕೊಂಡು ಮೇಲುಕೋಟೆ, ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಮೊದಲಾದ ಕಡೆಗಳಿಗೂ ಹೋಗುವುದುಂಟು. ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲನ್ನೂ ಬಿಸಿ ಬೆಲ್ಲವನ್ನೂ ಕೊಟ್ಟು ಕಳುಹಿಸುವುದು ಮಂಡ್ಯ ಜಿಲ್ಲೆಯ ಹಳೆಯ ರೂಢಿ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಕ್ಷೇತ್ರದಲ್ಲಿ ಬಂದವರಿಗೆಲ್ಲ ದಾಸೋಹ ನಡೆಯುತ್ತದೆ. ಇಂಥ ನೆಲದವರು ಸತ್ಕಾರವನ್ನು ಇಟಲಿಯಿಂದ ಕಲಿಯಬೇಕಾಗಿಲ್ಲ. ಸತ್ಕಾರದ ಕೊನೆಗೆ ಅತಿಥಿಯ ಭಾಷೆಯಲ್ಲಿ 'ಬ್ವೋನ್ ವಿಯಾಜ್ಜೊ', ಪ್ರಯಾಣ ಸುಖಕರವಾಗಲಿ, ಎಂದು ಹಾರೈಸಿದರೆ ಅದು ಪೂರ್ಣವಾಗುತ್ತದೆ. ಜೊತೆಗೆ 'ಹೋಗಿ ಬನ್ನಿ' ಎಂಬ ನಮ್ಮ ಮಾತಿನ ಅರ್ಥವನ್ನೂ ವಿವರಿಸಬಹುದು. 'ಅರ್ರಿವೆದೇರ್ಚಿ' ಎಂದು ಹೇಳಿ ಬೆಳೆದವರಿಗೆ ಅದು ತಕ್ಷಣ ತಿಳಿಯುತ್ತದೆ.

ಊರಿಗೆ ಮರಳಿದ ಮೇಲೆ

ಬಾಯಿಮಾತಿನ ಕೃತಜ್ಞತೆಯನ್ನು ಬರಹದ ಕೃತಜ್ಞತೆ ಹಿಂಬಾಲಿಸಬೇಕು. ಮರಳಿದ ಎರಡು ದಿನಗಳೊಳಗೆ ಪತ್ರ ಅಥವಾ ಇ-ಮೇಲ್ ಹೋಗಬೇಕು. ಸಂಬೋಧನೆ 'ಜೆಂತೀಲೆ ಸಿನ್ಯೋರ್' ಎಂದಿರಲಿ. ಮುಂದೆ 'ಲಾ ರಿಂಗ್ರಾತ್ಸಿಯೊ ದಿ ಕ್ವೋರೆ ಪೆರ್ ಲಾ ಸುವಾ ಕೊರ್ದಿಯಾಲೆ ಒಸ್ಪಿತಾಲಿತಾ', ಅಂದರೆ ತಮ್ಮ ಆದರದ ಆತಿಥ್ಯಕ್ಕಾಗಿ ಹೃದಯಪೂರ್ವಕ ಕೃತಜ್ಞತೆ, ಎಂಬ ವಾಕ್ಯ. ಅನಂತರ 'ಲಾ ಅಸ್ಪೆತ್ತಿಯಾಮೊ ಇನ್ ಇಂದಿಯಾ', ಭಾರತದಲ್ಲಿ ತಮ್ಮನ್ನು ಎದುರು ನೋಡುತ್ತೇವೆ, ಎಂಬ ಆಹ್ವಾನ. ಕೊನೆಗೆ 'ಕೊರ್ದಿಯಾಲಿ ಸಲೂತಿ', ಆದರದ ವಂದನೆಗಳು. ಈ ಮೂರು ಸಾಲುಗಳ ನಂತರ ವ್ಯವಹಾರದ ವಿವರವನ್ನು ಇಂಗ್ಲಿಷಿನಲ್ಲಿ ಬರೆದರೂ ಕೊರತೆಯಿಲ್ಲ.

ಕಾಲದ ವಿಷಯವನ್ನೂ ಗಮನಿಸಬೇಕು. ಆಗಸ್ಟ್ ತಿಂಗಳು ಇಟಲಿಯಲ್ಲಿ ರಜೆಯ ತಿಂಗಳು. ನಮ್ಮ ಸ್ವಾತಂತ್ರ್ಯ ದಿನವಾದ ಆಗಸ್ಟ್ 15 ಅಲ್ಲಿ 'ಫೆರ್ರಗೋಸ್ತೊ' ಎಂಬ ಹಬ್ಬ. ಅದರ ಆಚೀಚಿನ ವಾರಗಳಲ್ಲಿ ಬಹಳಷ್ಟು ಕಾರ್ಖಾನೆಗಳು ಮುಚ್ಚಿರುತ್ತವೆ. ಜುಲೈನಲ್ಲಿ ಭೇಟಿ ಮುಗಿಸಿದವರು ಕೃತಜ್ಞತಾ ಪತ್ರವನ್ನೂ ಮಾದರಿಗಳ ವಿವರವನ್ನೂ ಆ ತಿಂಗಳೊಳಗೇ ಕಳುಹಿಸಬೇಕು. ಆಗಸ್ಟಿನಲ್ಲಿ ಉತ್ತರ ಬರಲಿಲ್ಲವೆಂದು ನಿರಾಶರಾಗಬೇಕಾಗಿಲ್ಲ. ಸೆಪ್ಟೆಂಬರಿನಲ್ಲಿ ವಿನಯದಿಂದ ನೆನಪಿಸಿದರೆ ಆಯಿತು.

ಈ ಹತ್ತಿಪ್ಪತ್ತು ಮಾತುಗಳನ್ನು ಕಲಿಯಲು ಒಂದು ವಾರ ಸಾಕು. ಉಚ್ಚಾರಣೆ ಸ್ವಲ್ಪ ತಪ್ಪಿದರೂ ಪ್ರಯತ್ನಕ್ಕೆ ಬೆಲೆಯಿದೆ. ಆದರೆ ಒಂದು ಮಾತನ್ನು ಮರೆಯುವಂತಿಲ್ಲ. 'ಹೋಗಿ ಬರುತ್ತೇನೆ' ಎಂಬುದೂ 'ಅರ್ರಿವೆದೇರ್ಚಿ' ಎಂಬುದೂ ಉಪಚಾರದ ನುಡಿಯಷ್ಟೇ ಅಲ್ಲ, ಕೊಟ್ಟ ಮಾತು. ಮುಂದಿನ ತಿಂಗಳು ಮಾದರಿ ಕಳುಹಿಸುತ್ತೇನೆಂದು ಬಾಗಿಲಲ್ಲಿ ನಿಂತು ಹೇಳಿ ಬಂದವರು, ಹೇಳಿದ ದಿನಕ್ಕೆ, ಹೇಳಿದ ಗುಣಮಟ್ಟದಲ್ಲಿ ಮಾದರಿಯನ್ನು ತಲುಪಿಸಬೇಕು. ತಡವಾಗುವುದಾದರೆ ಗಡುವು ಮುಗಿಯುವ ಮೊದಲೇ ತಿಳಿಸಬೇಕು. ಹಾಗೆ ನಡೆದುಕೊಂಡ ವರ್ತಕರಿಗೆ ಆ ಮನೆಯ ಬಾಗಿಲು ಮತ್ತೊಮ್ಮೆ ತೆರೆಯುತ್ತದೆ. ಊಟದ ಮೇಜಿನಲ್ಲಿ ಒಂದು ತಟ್ಟೆ ಅವರಿಗಾಗಿ ಕಾದಿರುತ್ತದೆ.